ಕಿವಿ ಕೆಂಪಾದ ಶನಿವಾರ

ರಾಯಚೂರು
18 ನವೆಂಬರ್ 1984

ಗೆಳೆಯ ಮೌನಪ್ಪನಿಗೆ,

ಹನ್ನೊಂದು ವರ್ಷದ ಮೇಲೆ ನನ್ನ ಅಕ್ಷರ ಕಂಡು ನಿನಗೆ ಆಶ್ಚರ್ಯವಾದೀತು. ಕಾಲೇಜಿನ ನಾಟಕದಲ್ಲಿ ನೀನು ರಾಜ, ನಾನು ನಿನ್ನ ಮಂತ್ರಿ. ಪರದೆ ಬಿದ್ದ ಮರುದಿನದಿಂದ ಮಾತು ನಿಂತಿತು. ಕಾರಣ ಇಬ್ಬರಿಗೂ ಗೊತ್ತು, ಅದನ್ನಿಲ್ಲಿ ಬರೆಯುವುದಿಲ್ಲ.

ನಾನೀಗ ಗಿಲ್ಲೆಸುಗೂರು ರಸ್ತೆಯ ಸರಕಾರಿ ಹಂದಿ ತಳಿ ಕೇಂದ್ರದಲ್ಲಿ ಪಶುವೈದ್ಯ. ನಲವತ್ತಾರು ಬಿಳಿ ಹಂದಿಗಳಿವೆ. ಮರಿ ಹಾಕಿದ ತಾಯಿ ಹೊರಳುವಾಗ ಮರಿಗಳು ಮೈಯಡಿ ಸಿಕ್ಕಿ ಸಾಯುತ್ತವೆ. ಕಚೇರಿಯಿಂದಲೇ ಶೆಡ್ಡಿನ ಮೇಲೆ ಕಣ್ಣಿಡಲೆಂದು ಇಲಾಖೆ ಎರಡು ಕ್ಯಾಮರಾ, ಒಂದು ಕಪ್ಪು-ಬಿಳಿ ಟಿವಿ, ಒಂದು ಸುರುಳಿ ಕೇಬಲ್ ಕಳಿಸಿದೆ. ಜೋಡಿಸುವವರು ಮಾತ್ರ ಬರಲಿಲ್ಲ. ಆರು ತಿಂಗಳಿಂದ ಆ ಪೆಟ್ಟಿಗೆಗಳ ಮೇಲೆ ಹಿಂಡಿಯ ಚೀಲಗಳು ಕೂತಿವೆ. ಎಪ್ಪತ್ತೈದರಲ್ಲಿ ನಮ್ಮ ಹಳ್ಳಿಗಳಿಗೆ ಉಪಗ್ರಹದ ಟಿವಿ ಬಂದಾಗ ಅವುಗಳನ್ನು ನೀನು ನೋಡಿಕೊಳ್ಳುತ್ತಿದ್ದೆ ಎಂದು ನಿನ್ನ ಅಕ್ಕ ಬಸ್ಸಮ್ಮ ಹೇಳಿದಳು. ಆಕೆ ಇಲ್ಲೇ ದಿನಗೂಲಿಯ ಮೇಲಿದ್ದಾಳೆ. ಈಯುವ ಹಂದಿಯ ಪಕ್ಕ ಕೂತು ಮರಿಗಳನ್ನು ಎತ್ತಿಡುವ ಕೆಲಸ ಆಕೆಯದು.

ಬರುತ್ತೀಯಾ?

ಇತಿ,
ವಾದಿರಾಜ

* * *

ಮಾನವಿ
26 ನವೆಂಬರ್ 1984

ಮಂತ್ರಿವರ್ಯ ವಾದಿರಾಜನಿಗೆ ರಾಜನ ಉತ್ತರ!

ಬಂತು ಬಂತು, ಹನ್ನೊಂದು ವರ್ಷದ ಮೇಲೆ ಓಲೆ ಬಂತು! ಅಂಚೆಯವನ ಕೈಯಿಂದ ಕಸಿದುಕೊಂಡು ನನ್ನ ಸೌಂಡ್ ಸರ್ವಿಸ್ ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಓದಿದೆ. ನನ್ನ ಓದು ಗೊತ್ತಲ್ಲ, ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರು "ಯಾರರೆ ತೀರಿಕೊಂಡ್ರೇನು ಮೌನಪ್ಪಣ್ಣಾ" ಎಂದು ಎದ್ದು ಬಂದರು.

ಕಾರಣ ಬರೆಯುವುದಿಲ್ಲ ಎಂದೆ. ನಾನು ಬರೆಯುತ್ತೇನೆ, ಕೇಳು. ನಾಟಕದ ಮರುದಿನ ನೀನು ನನ್ನನ್ನು ನಿಮ್ಮ ಮನೆಗೆ ಊಟಕ್ಕೆ ಕರೆದೆ. ನಿನ್ನ ತಾಯಿ ಸರಸ್ವತಿಬಾಯಿಯವರು ಎಲ್ಲರಿಗೂ ಒಳಗೆ ಬಡಿಸಿದರು, ನನಗೊಬ್ಬನಿಗೆ ಅಂಗಳದಲ್ಲಿ ಎಲೆ ಹಾಕಿದರು. ನೀನು ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದೆ. ಹಿಂದಿನ ದಿನ ಇಡೀ ಸಭೆಯನ್ನು ನಡುಗಿಸಿದ ರಾಜ ಆ ಎಲೆಯ ಮುಂದೆ ಕೂತು ಉಂಡ. ಹಸಿವಾಗಿತ್ತು! ಮುಗಿಯಿತು ಆ ಅಂಕ. ಪರದೆ.

ಇನ್ನು ನಿನ್ನ ಅವಸ್ಥೆ. ಅಕ್ಕ ಎಲ್ಲ ಹೇಳಿದ್ದಾಳೆ. "ಸಾಹೇಬ್ರು ಶೆಡ್ಡಿನಾಗ ಕಾಲಿಟ್ರಂದ್ರ ಮನಿಗಿ ಹೋಗಿ ತಲಿಮ್ಯಾಲ ನೀರು ಸುರಕೋಬೇಕು. ಮೂರು ಸಲ ಹೋದ್ರ ಮೂರು ಜಳಕ. ಥಂಡ್ಯಾಗ ಮೂಗು ಸೋರಸಗೋತ ಕುಂತಿರ್ತಾರ, ಪಾಪ. ನಗಬ್ಯಾಡಲೇ ನೀ." ನಕ್ಕೆ. ಹೊಟ್ಟೆ ಹಿಡಿದು ನಕ್ಕೆ. ನಿಜ ಹೇಳು, ಈ ಕ್ಯಾಮರಾ ಬೇಕಾದದ್ದು ಮರಿಗಳಿಗೋ, ನಿನ್ನ ಮೂಗಿಗೋ?

ಬರುತ್ತೇನೆ. ಆದರೆ ಮಾತು ಕೊಡು. ಅಕ್ಕ ಅರಕೇರಾ ಬಿಟ್ಟು ಬಂದು ಹತ್ತು ವರ್ಷ ಆ ಹಂದಿಗಳ ಪಕ್ಕ ಕೂತಿದ್ದಾಳೆ. ಗಂಡ ಇಲ್ಲ, ಹೊಲ ಇಲ್ಲ. ಬರುವ ಜೂನ್ ಕೊನೆಗೆ ಖಾಯಂ ಮಾಡುವವರ ಪಟ್ಟಿ ಹೋಗುತ್ತದಂತೆ. ಅದರಲ್ಲಿ ಅವಳ ಹೆಸರಿರಬೇಕು. ತಮ್ಮ ಕಟ್ಟಿದ ಯಂತ್ರ ಅಕ್ಕನ ಅನ್ನ ಕಸಿಯಬಾರದು. ಇದು ರಾಜಾಜ್ಞೆ!

ನಿನ್ನ,
ಮೌನಪ್ಪ

* * *

ರಾಯಚೂರು
20 ಜನವರಿ 1985

ಪ್ರಿಯ ಮೌನಪ್ಪ,

ನೀನು ಹೋದಮೇಲೂ ಚಿತ್ರ ಹಾಗೇ ನಿಂತಿದೆ. ಮೊದಲ ದಿನ ಪರದೆಯ ಮೇಲೆ ಬರೀ ಮಂಜು ಕಂಡಾಗ ನಾನು ಆಸೆ ಬಿಟ್ಟಿದ್ದೆ. ನೀನು ಸುಮ್ಮನೆ ಬಸ್ಸು ಹತ್ತಿ ಹೋಗಿ, ಮರುದಿನ ನಾಟಕದ ನಾಲ್ಕು ಫೋಕಸ್ ದೀಪಗಳನ್ನು ಗೋಣಿಯಲ್ಲಿ ಸುತ್ತಿ ತಂದೆ. "ರಂಗದ ಮೇಲೆ ಬಂದವರನ್ನು ಕತ್ತಲಲ್ಲಿ ನಿಲ್ಲಿಸುವುದು ಪಾಪ" ಎಂದು ಶೆಡ್ಡಿನ ತೊಲೆಗೆ ಕಟ್ಟಿದೆ. ಈಗ ಒಂದೊಂದು ಹಂದಿಯೂ ಒಗೆದು ಹರವಿದ ಧೋತರದ ಹಾಗೆ ಬೆಳ್ಳಗೆ ಕಾಣುತ್ತದೆ. ಬೆಂಗಳೂರಿನಿಂದ ಬಂದ ಮೇಲಧಿಕಾರಿಗಳು ಕಾಲು ಗಂಟೆ ಪರದೆಯ ಮುಂದಿನಿಂದ ಏಳಲಿಲ್ಲ.

ಅವರದೊಂದು ಸೂಚನೆ. ಜನ ಓಡಾಡಿದರೆ ಹಂದಿಗಳು ಬೆದರುತ್ತವೆ, ಆದ್ದರಿಂದ ಮೇವು ಹಾಕಲು, ಸಗಣಿ ಬಳಿಯಲು ಬಿಟ್ಟರೆ ಯಾರೂ ಒಳಗೆ ಇರಬಾರದು. ಬಸ್ಸಮ್ಮನಿಗೂ ಹೇಳಿದ್ದೇನೆ. ಮರಿ ಅಡಿಗೆ ಬಿದ್ದದ್ದು ಪರದೆಯಲ್ಲಿ ಕಂಡರೆ ಗಂಟೆ ಬಾರಿಸುತ್ತೇನೆ, ಆಗ ಆಕೆ ಓಡಿ ಹೋಗಿ ಎತ್ತುತ್ತಾಳೆ. ಈ ತಿಂಗಳು ಒಂಬತ್ತು ಮರಿ ಉಳಿದವು.

ಪಟ್ಟಿಯ ಮಾತು ನೆನಪಿದೆ.

ವಾದಿರಾಜ

* * *

ಮಾನವಿ
24 ಮಾರ್ಚ್ 1985

ವಾದಿರಾಜಾ,

ಯುಗಾದಿಗೆ ಅಕ್ಕ ಬಂದಿದ್ದಳು. ಬೇವು ತಿಂದ ಬಾಯಲ್ಲೇ ನನ್ನ ಮಾನ ಕಳೆದಳು! ಊಟಕ್ಕೆ ಕೂತಾಗ ನಾನು ಕ್ಯಾಮರಾದ ಗುಣಗಾನ ಸುರು ಮಾಡಿದೆ. ಅಕ್ಕ ಹೋಳಿಗೆ ಮುರಿಯುತ್ತ ಅಂದಳು:

"ತಮ್ಮಾ, ನೀ ಕಟ್ಟಿದ ಪೆಟಿಗಿ ಚಲೋ ಅದ. ಆದ್ರ ಅದಕ್ಕ ಮೂಗಿಲ್ಲ, ಕೈಯಿಲ್ಲ. ಮೈ ಮುಟ್ಟಿದ್ರ ನನಗ ಜ್ವರ ತಿಳೀತದ. ಉಸಿರು ಬದಲಾದ್ರ ಬಾಗಲದಾಗ ನಿಂತು ಹೇಳ್ತೀನಿ. ಈಗ ಹೊರಗ ಕುಂದ್ರು ಅಂದ್ರ ಏನು ಹೇಳಲಿ?"

"ಅಕ್ಕಾ, ಈ ಕಣ್ಣು ರೆಪ್ಪೆ ಮುಚ್ಚುವುದಿಲ್ಲ!" ಎಂದು ಎದೆ ತಟ್ಟಿಕೊಂಡೆ.

"ರೆಪ್ಪಿ ಮುಚ್ಚಲಾರದ ಕಣ್ಣು ಹೆಣದ್ದಪಾ" ಅಂದಳು.

ನನ್ನ ಹೆಂಡತಿ ನಕ್ಕು ನಕ್ಕು ಕೆಮ್ಮಿದಳು. ನಾನು ಗೆದ್ದವರ ಹಾಗೆ ಮೀಸೆ ತಿರುವಿದೆ. ಆದರೆ ವಾದಿ, ಎರಡು ದಿನದಿಂದ ಆ ಮಾತು ಬಿಡುತ್ತಿಲ್ಲ. ಆಗಾಗ ಆಕೆಯನ್ನು ಒಳಗೆ ಬಿಡು. ನೀನೂ ವಾರಕ್ಕೊಮ್ಮೆ ಹೋಗು. ನೀರು ಬೇಕಾದರೆ ನಾನೇ ಕಾಸಿ ಕೊಡುತ್ತೇನೆ, ಬಾ.

ಮೌನಪ್ಪ

* * *

ರಾಯಚೂರು
22 ಜೂನ್ 1985

ಮೌನಪ್ಪ,

ಹಂದಿಜ್ವರ ಬಂತು. ನಲವತ್ತಾರರಲ್ಲಿ ಮೂವತ್ತೊಂಬತ್ತು ಸತ್ತವು. ಉಳಿದ ಏಳನ್ನು ಆದೇಶದಂತೆ ನಾವೇ ಕೊಂದೆವು. ಸುಣ್ಣ ಹಾಕಿ ಹೂಳಿದ್ದಾಯಿತು. ವಿಚಾರಣೆ ಇದೆ, ನಿನ್ನನ್ನೂ ಕರೆಯಬಹುದು. ಕ್ಯಾಮರಾದ ಬಗ್ಗೆ ಕೇಳಿದರೆ ಇದ್ದದ್ದನ್ನು ಹೇಳು.

ಬಸ್ಸಮ್ಮ ಸದ್ಯ ಊರಿಗೆ ಹೋಗಿದ್ದಾಳೆ.

ವಾದಿರಾಜ

* * *

ಮಾನವಿ
9 ಜುಲೈ 1985

ವಾದಿರಾಜಾ,

ಹೆದರಬೇಡ! ನಿನ್ನ ಕಡೆಯ ಸಾಕ್ಷಿ ನುಡಿದು ಬಂದಿದ್ದೇನೆ. ಮೂವರು ಅಧಿಕಾರಿಗಳು, ಹಸಿರು ಬಟ್ಟೆಯ ಮೇಜು, ನಡುವೆ ನಾನು. ಒಬ್ಬರು ಕೇಳಿದರು, "ಕ್ಯಾಮರಾ ಕೆಟ್ಟಿತ್ತೇನು? ಜೂನ್ ಮೊದಲ ವಾರದಲ್ಲಿ ಚಿತ್ರ ಮಸಕಾಗಿತ್ತೇನು?"

ನನಗೆ ಸಿಟ್ಟು ಬಂತು. ನನ್ನ ಕೈಗೆಲಸದ ಮೇಲೆ ಅನುಮಾನವೇ? ಎದ್ದು ನಿಂತೆ. "ಸಾಹೇಬ್ರ, ಈ ಮೌನಪ್ಪ ಕಟ್ಟಿದ ಕ್ಯಾಮರಾ ಇಲ್ಲದ್ದನ್ನ ತೋರಸೂದಿಲ್ಲ, ಇದ್ದದ್ದನ್ನ ಮುಚ್ಚೂದಿಲ್ಲ! ಹಂದಿ ಮೈಮ್ಯಾಲ ನೊಣ ಕುಂತ್ರೂ ಕಾಣತದ!" ಎಂದೆ. ಹೊರಗಿನ ಜವಾನ ಕೂಡ ಇಣುಕಿ ನೋಡಿದ. ಹಾಗೇ ಬರೆದುಕೊಂಡರು. ಸಹಿ ಹಾಕಿದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದರು.

ಕ್ಯಾಮರಾ ಸರಿಯಿತ್ತೆಂದ ಮೇಲೆ ನಿನ್ನ ಮೇಲೆ ಏನೂ ಬರುವುದಿಲ್ಲ. ಅಕ್ಕನ ಪಟ್ಟಿಯ ಗತಿ ಏನಾಯಿತು, ಬರೆ. ಆಕೆಯಿಂದ ಸುದ್ದಿಯೇ ಇಲ್ಲ.

ಮೌನಪ್ಪ

* * *

ಅರಕೇರಾ
24 ಜುಲೈ 1985

ಮೌನಪ್ಪನವರಿಗೆ,

ನಾನು ಇಲ್ಲಿಯ ಶಾಲೆಯ ಮಾಸ್ತರ ವಿರೂಪಣ್ಣ. ನಿಮ್ಮ ಅಕ್ಕ ಬಸ್ಸಮ್ಮನವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ.

ತಮ್ಮಾ, ನಾ ಆರಾಮ ಅದೀನಿ ಅಂತ ಬರಸಬೇಕು, ಆದ್ರ ಇಲ್ಲ. ಕಾರ ಹುಣ್ಣಿವಿ ಸೋಮವಾರ ಇತ್ತು. ಅದರ ಹಿಂದಿನ ಶನಿವಾರ ಮೇವು ಹಾಕಾಕ ಹೋದಾಗ ಮೂಲ್ಯಾಗಿನ ಮೂರು ಹಂದಿ ಕಿವಿ ಕೆಂಪಾಗಿದ್ವು. ಹೊಟ್ಟಿ ಕೆಳಗೂ ಕೆಂಪು ಬೊಟ್ಟು. ಕಚೇರಿ ಕಿಡಕ್ಯಾಗ ನಿಂತು ಹೇಳೀನಿ, "ಸಾಹೇಬ್ರ, ಒಂದೀಟು ಬಂದು ನೋಡ್ರಿ" ಅಂತ. ಸಾಹೇಬ್ರು ಟಿವಿ ನೋಡಿದ್ರು. "ಎಲ್ಲಾ ಬೆಳ್ಳಗ ಅವ ಬಸ್ಸಮ್ಮ. ನೀನು ಹಬ್ಬಕ್ಕೆ ಹೋಗು" ಅಂದ್ರು. ನಾ ಊರಿಗೆ ಬಂದೆ. ಬುಧವಾರ ತಿರುಗಿ ಹೋದೆ. ಗುರುವಾರ ಹಂದಿ ಬಿದ್ವು.

ವಿಚಾರಣಿ ಮಾಡಿದವರು ಏನಂದ್ರು ಗೊತ್ತೇನು? ಸಾಹೇಬ್ರ ದಿನಚರ್ಯಾಗ ಬುಧವಾರದ ತನಕ ಎಲ್ಲಾ ಸರಿ ಅದ ಅಂತ ಬರದದ, ಕ್ಯಾಮರಾ ಕಟ್ಟಿದಾತನೂ ಕ್ಯಾಮರಾ ತಪ್ಪಂಗಿಲ್ಲ ಅಂತ ಸಹಿ ಮಾಡ್ಯಾನ, ಹಂಗಂದ್ರ ರೋಗ ನೀನೇ ಅರಕೇರಾದಿಂದ ಕಾಲಿಗೆ ಹಚಗೊಂಡು ತಂದಿ, ಅಂದ್ರು. ಕೆಲಸದಿಂದ ತೆಗದ್ರು. ಅದೂ ಹೋಗಲಿ.

ಹ್ವಾದ ವಾರ ಜೀಪಿನಾಗ ಬಂದ್ರು. ನಮ್ಮ ಓಣ್ಯಾಗಿನ ಎಲ್ಲಾ ಹಂದಿ ಹಿಡಿಸಿ ಕೊಂದ್ರು. ಒಂದಕ್ಕೂ ಜ್ವರ ಇದ್ದಿಲ್ಲ. ಜಂಬಮ್ಮತ್ತಿ ತನ್ನ ಹಂದಿ ಮ್ಯಾಲೆ ಬಿದ್ದು ಅಡ್ಡಾದ್ಲು, ಆಕಿನ್ನ ಎತ್ತಿ ಬದಿಗಿಟ್ಟು ಕೊಂದ್ರು. ಈಗ ನನ್ನ ಕೂಡ ಯಾರೂ ಮಾತಾಡವಲ್ರು. ನಾ ಬಾವಿಗೆ ಹೋದ್ರ ಕೊಡ ಎತಗೊಂಡು ಹೋಗತಾರ. ಎದುರಿಗೆ ಬೈದ್ರ ಚಲೋ ಇತ್ತು.

ನೌಕರಿ ಬ್ಯಾಡ. ನಾ ಶನಿವಾರ ಹೇಳಿದ್ದೆ ಅಂತ ಸಾಹೇಬ್ರ ಕಡಿಂದ ಒಂದು ಕಾಗದ ಬರಸಿ ತಾ. ಓಣ್ಯಾಗ ಓದಿ ಹೇಳಬೇಕು. ಇಷ್ಟ ಮಾಡು. ನೀ ಸಹಿ ಮಾಡಿದ್ದಕ್ಕ ಸಿಟ್ಟಿಲ್ಲ, ನಿನಗ ಗೊತ್ತಿದ್ದಿಲ್ಲ.

ಬಸ್ಸಮ್ಮ, ಹೆಬ್ಬೆಟ್ಟಿನ ಗುರುತು
ಬರೆದವರು: ವಿರೂಪಣ್ಣ

* * *

ಮಾನವಿ
30 ಜುಲೈ 1985

ವಾದಿರಾಜ,

ಅಕ್ಕನ ಕಾಗದ ನಿನ್ನೆ ಬಂತು. ಇವತ್ತು ಬೆಳಿಗ್ಗೆ ಮೊದಲ ಬಸ್ಸಿಗೆ ನಿನ್ನ ಕೇಂದ್ರಕ್ಕೆ ಹೋಗಿದ್ದೆ. ನೀನು ರಜೆಯ ಮೇಲಿದ್ದೆ. ಕಾವಲುಗಾರ ನನ್ನ ಗುರುತು ಹಿಡಿದು ಶೆಡ್ಡು, ಕಚೇರಿ ಎರಡೂ ತೆರೆದ.

ನನ್ನ ಬಣ್ಣದ ಪೆಟ್ಟಿಗೆ ಒಯ್ದಿದ್ದೆ. ಬಿಳಿ ಅರಿವೆಯೊಂದನ್ನು ಕಂಬಕ್ಕೆ ಕಟ್ಟಿ, ರಾಜನ ಪಾತ್ರಕ್ಕೆ ಕೆನ್ನೆಗೆ ಹಚ್ಚುವ ಕೆಂಪನ್ನು ಅಂಗೈ ತುಂಬ ಬಳಿದು ಆ ಅರಿವೆಗೆ ಒತ್ತಿದೆ. ನಾಲ್ಕೂ ದೀಪ ಹಾಕಿದೆ. ಓಡಿ ಬಂದು ಪರದೆ ನೋಡಿದೆ.

ಬಿಳಿ! ಬರೀ ಬಿಳಿ! ಅಂಗೈ ಗುರುತಿಲ್ಲ, ಬೆರಳಿಲ್ಲ, ಏನೂ ಇಲ್ಲ. ಎರಡು ದೀಪ ಆರಿಸಿದೆ. ಆಗ ತೆಳ್ಳಗೆ ನೆರಳಿನಂಥದ್ದು ಕಂಡಿತು. ನಾಲ್ಕೂ ಆರಿಸಿದರೆ ಮಂಜು.

ಅಯ್ಯೋ ವಾದಿ, ಹದಿನೈದು ವರ್ಷ ರಂಗದ ಮೇಲೆ ನಿಂತವನು ನಾನು. ಫೋಕಸ್ ಬಿದ್ದರೆ ಮುಖದ ಬಣ್ಣ ಸತ್ತು ಹೋಗುತ್ತದೆಂದೇ ಎರಡು ಪಟ್ಟು ಬಣ್ಣ ಹಚ್ಚುತ್ತೇವೆ. ಅದು ನನಗೆ ಗೊತ್ತಿಲ್ಲವೇ? ಗೊತ್ತಿತ್ತು. ಹಂದಿಗಳು ಚೆಂದ ಕಾಣಲಿ, ನೋಡಿದವರು ಭೇಷ್ ಅನ್ನಲಿ ಎಂದು ದೀಪ ಕಟ್ಟಿದೆ. ಆಮೇಲೆ ಮೂವರ ಮುಂದೆ ನಿಂತು ಗರ್ಜಿಸಿ ಅಕ್ಕನ ಕುತ್ತಿಗೆಗೆ ಉರುಲು ಹಾಕಿ ಬಂದೆ.

ನನ್ನ ತಪ್ಪನ್ನು ಬರೆದು ಆ ಮೂವರಿಗೆ ರಿಜಿಸ್ಟರ್ ಮಾಡಿದ್ದೇನೆ. ಆದರೆ ನಾನು ಬಣ್ಣ ಮೆತ್ತುವವ, ನನ್ನ ಮಾತು ಯಾರಿಗೆ ಬೇಕು? ಆಕೆ ಶನಿವಾರ ಹೇಳಿದ್ದಳೆಂದು ನೀನು ಬರೆಯಬೇಕು. ಕಿಟಕಿಯ ಒಳಗೆ ಇದ್ದವನು ನೀನೊಬ್ಬನೇ.

ಮೌನಪ್ಪ

* * *

ಮಾನವಿ
28 ಆಗಸ್ಟ್ 1985

ವಾದಿರಾಜ,

ಒಂದು ತಿಂಗಳಾಯಿತು. ಮತ್ತೆ ಕಂಬಕ್ಕೆ ಒರಗಿ ನಿಂತಿದ್ದೀಯಾ?

ಮೌನಪ್ಪ

* * *

ರಾಯಚೂರು
17 ಸೆಪ್ಟೆಂಬರ್ 1985

ಮೌನಪ್ಪ,

ಹೌದು, ಅಲ್ಲೇ ನಿಂತಿದ್ದೆ.

ಜೂನ್ ಒಂದು, ಶನಿವಾರ, ನನ್ನ ತಂದೆಯ ಶ್ರಾದ್ಧ. ಮನೆಯಲ್ಲಿ ಬ್ರಾಹ್ಮಣರು ಬಂದು ಕೂತಿದ್ದರು. ಹಾಜರಿ ಪುಸ್ತಕಕ್ಕೆ ಸಹಿ ಮಾಡಿ ಹೋಗಲೆಂದು ಹತ್ತು ನಿಮಿಷಕ್ಕೆ ಕಚೇರಿಗೆ ಬಂದಿದ್ದೆ. ನಿಮ್ಮ ಅಕ್ಕ ಕಿಟಕಿಯಲ್ಲಿ ನಿಂತು ಹೇಳಿದರು. ಶೆಡ್ಡಿಗೆ ಮೂವತ್ತು ಹೆಜ್ಜೆ. ಹೋದರೆ ಮತ್ತೆ ಸ್ನಾನ, ಮತ್ತೆ ಮಡಿ, ಪಿಂಡದ ಹೊತ್ತು ಮೀರುತ್ತದೆ. ಪರದೆಯಲ್ಲಿ ಎಲ್ಲ ಬೆಳ್ಳಗಿತ್ತು. ಬೆಳ್ಳಗಿರಲಿ ಎಂದೇ ನೋಡಿದೆ. ನಿಜ ಹೇಳಬೇಕೆಂದರೆ ಏಪ್ರಿಲ್‌ನಿಂದ ನಾನು ಒಂದು ದಿನವೂ ಶೆಡ್ಡಿನೊಳಗೆ ಕಾಲಿಟ್ಟಿರಲಿಲ್ಲ. ದಿನಚರಿಯನ್ನೆಲ್ಲ ಕುರ್ಚಿಯಲ್ಲಿ ಕೂತು ಬರೆದೆ.

ಇನ್ನೊಂದಿದೆ. ಮೇ ಇಪ್ಪತ್ತಕ್ಕೆ ಹಳೆಯದರ ಬದಲಿಗೆ ಬೇರೆ ಕಡೆಯಿಂದ ಒಂದು ಗಂಡುಹಂದಿ ಬಂತು. ಹೊಸದನ್ನು ಕೆಲವು ವಾರ ಬೇರೆಯೇ ಕಟ್ಟಿ, ದಿನವೂ ಮೈ ಮುಟ್ಟಿ ಜ್ವರ ನೋಡಬೇಕು. ಕ್ಯಾಮರಾ ಇದೆಯಲ್ಲ ಎಂದು ಉಳಿದವುಗಳ ಜೊತೆಗೇ ಬಿಡಿಸಿದೆ. ಮೊದಲು ಬಿದ್ದದ್ದು ಅದರ ಪಕ್ಕದ ಮೂಲೆಯ ಹಂದಿಗಳೇ. ಅರಕೇರಾದಿಂದ ಏನೂ ಬಂದಿರಲಿಲ್ಲ. ಇದು ನನಗೆ ಜೂನ್‌ನಲ್ಲೇ ಗೊತ್ತಿತ್ತು.

ಇದನ್ನೆಲ್ಲ ಇಲಾಖೆಗೆ ಬರೆದು ಕೊಟ್ಟೆ. ನನ್ನನ್ನು ಅಮಾನತಿನಲ್ಲಿಟ್ಟಿದ್ದಾರೆ. ಕೇಂದ್ರವನ್ನು ಮುಚ್ಚುತ್ತಾರೆ, ಆದ್ದರಿಂದ ಖಾಯಂ ಪಟ್ಟಿಯೂ ಇಲ್ಲ. ಅರಕೇರಾದ ಹಂದಿಗಳ ಬಗ್ಗೆ ಕೇಳಿದೆ. "ಅದು ಮುಗಿದ ಕಡತ" ಎಂದರು. ಅಮ್ಮ ನನ್ನೊಂದಿಗೆ ಮಾತಾಡುತ್ತಿಲ್ಲ. ಹಂದಿಗಳು ಸತ್ತದ್ದಕ್ಕಲ್ಲ, ಶ್ರಾದ್ಧದ ವಿಷಯ ಸರಕಾರಿ ಕಾಗದದಲ್ಲಿ ಬರೆದದ್ದಕ್ಕೆ.

ನಿಮ್ಮ ಅಕ್ಕ ಕೇಳಿದ ಕಾಗದ ಇದರ ಜೊತೆಗಿದೆ.

ವಾದಿರಾಜ

(ಜೊತೆಗಿದ್ದ ಕಾಗದ)

ಅರಕೇರಾದ ಬಸ್ಸಮ್ಮನವರು 1985ರ ಜೂನ್ 1, ಶನಿವಾರ, ಊರಿಗೆ ಹೋಗುವ ಮೊದಲೇ, ಹಂದಿಗಳ ಕಿವಿ ಕೆಂಪಾಗಿವೆ ಎಂದು ನನಗೆ ಹೇಳಿದ್ದರು. ನಾನು ಹೋಗಿ ನೋಡಲಿಲ್ಲ. ರೋಗ ಅರಕೇರಾದಿಂದ ಬಂದದ್ದಲ್ಲ. ತಪ್ಪು ನನ್ನದು.
ವಾದಿರಾಜ, ಪಶುವೈದ್ಯ

* * *

ಅರಕೇರಾ
6 ಅಕ್ಟೋಬರ್ 1985

ವಾದಿರಾಜ,

ನಿನ್ನ ಕಾಗದವನ್ನು ಇವತ್ತು ಓಣಿಯಲ್ಲಿ ಓದಿದೆ.

ದೇವದುರ್ಗದಲ್ಲಿ ಬಸ್ಸು ಇಳಿದಾಗಿನಿಂದ ಹೇಗೆ ಓದಬೇಕೆಂದು ಯೋಚಿಸುತ್ತಲೇ ಬಂದೆ. ಎಲ್ಲಿ ಏರಿಸಬೇಕು, ಎಲ್ಲಿ ನಿಲ್ಲಿಸಬೇಕು. ವಿರೂಪಣ್ಣ ಮಾಸ್ತರರು ಮನೆಮನೆಗೆ ಹೋಗಿ ಕರೆದರು. ಹೊತ್ತೇರುವಷ್ಟರಲ್ಲಿ ನಲವತ್ತು ಜನ ಬಂದು ಗೋಡೆಯ ಬದಿಗೆ ಕೂತರು. ಅಕ್ಕ ಒಬ್ಬಳೇ ಈಚೆ ಕಡೆ ಕೂತಳು. ಅವರಿಗೂ ಅವಳಿಗೂ ನಡುವೆ ಖಾಲಿ ಹಂದಿಗೂಡುಗಳು. ಒಂದರಲ್ಲೂ ಗುಟುರಿಲ್ಲ.

ಓದಿದೆ. ಏರಿಸಲಿಲ್ಲ, ಇಳಿಸಲಿಲ್ಲ. ಓದಿ ಮುಗಿಸಿ, ದೀಪ ಕಟ್ಟಿದವನು ನಾನು, ಸಹಿ ಹಾಕಿದವನೂ ನಾನೇ ಎಂದು ಹೇಳಿದೆ. ಜಂಬಮ್ಮತ್ತೆ ಕೋಲೂರಿ ಎದ್ದು ಬಂದು ಕಾಗದ ಇಸಿದುಕೊಂಡಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಸಿಕ್ಕಾ ಎಲ್ಲದಪಾ?"

"ಇದು ಅವರು ಸ್ವಂತ ಬರೆದದ್ದು, ಅತ್ತಿ. ಸರಕಾರಿ ಮುದ್ರೆ ಇರುವುದಿಲ್ಲ."

"ಹಂದಿ ಕೊಲ್ಲಾಕ ಬಂದವರ ಕಾಗದಕ್ಕ ಗುಂಡಂದು ನೀಲಿ ಸಿಕ್ಕಾ ಇತ್ತು. ನನಗ ಓದಾಕ ಬರಂಗಿಲ್ಲ, ಸಿಕ್ಕಾ ಗೊತ್ತಾಗತದ. ಇದಕ್ಕ ಇಲ್ಲ. ನೀ ನಾಟಕದಾಗ ಎಷ್ಟು ಕಾಗದ ಓದಿಲ್ಲ? ರಾಜಂದು, ರಾಣಿದು. ಎಲ್ಲಾ ಖಾಲಿ ಹಾಳಿ. ತಮ್ಮ ಅಕ್ಕನ ಸಲುವಾಗಿ ಇನ್ನೊಂದು ಓದ್ಯಾನ."

ನಾನು ಆಣೆ ಮಾಡಿದೆ. ಮಾಸ್ತರರು ಕಾಗದ ತೆಗೆದುಕೊಂಡು ಮತ್ತೊಮ್ಮೆ ಓದಿದರು. ಹಿಂದಿನಿಂದ ಒಬ್ಬ, "ಮಾಸ್ತರನೂ ಆಕಿ ಕಡ್ಯಾವನ" ಅಂದ. ಒಬ್ಬೊಬ್ಬರೇ ಎದ್ದು ಹೋದರು. ನನ್ನ ದನಿ ಹನ್ನೆರಡು ಹಳ್ಳಿಗೆ ಕೇಳುತ್ತದೆ ವಾದಿ. ಇವತ್ತು ಒಬ್ಬರನ್ನೂ ಹಿಡಿದು ನಿಲ್ಲಿಸಲಿಲ್ಲ.

ಅಕ್ಕ ಅಳಲಿಲ್ಲ. ಒಲೆ ಹೊತ್ತಿಸಿದಳು, ನನಗೆ ರೊಟ್ಟಿ ಹಾಕಿದಳು. ಎರಡನೆಯ ರೊಟ್ಟಿ ತಟ್ಟುವಾಗ ಕೇಳಿದಳು:

"ಸಾಹೇಬ್ರು ಬರ್ತಾರೇನು?"

"ಎಲ್ಲಿಗೆ?"

"ಇಲ್ಲಿಗೆ. ಓಣ್ಯಾಗ ನಿಂತು ಬಾಯಿಲೇ ಹೇಳಿದ್ರ ಸಿಕ್ಕಾ ಯಾರೂ ಕೇಳಂಗಿಲ್ಲ."

ನಾನು ತಟ್ಟೆಯ ರೊಟ್ಟಿ ಮುರಿಯತೊಡಗಿದೆ. ಅವಳೇ ರೊಟ್ಟಿ ತಿರುವಿ ಹಾಕಿ ಅಂದಳು, "ಬಂದು ಹೇಳಿ ಹೋಗಲಿ. ಹ್ವಾದ ಮ್ಯಾಲ ಬೇಕಂದ್ರ ಜಳಕ ಮಾಡಕೊಳ್ಳಲಿ. ನಾ ಏನೂ ಅನ್ನಂಗಿಲ್ಲ."

ರಾಯಚೂರಿನಿಂದ ದೇವದುರ್ಗಕ್ಕೆ ಬೆಳಿಗ್ಗೆ ಏಳಕ್ಕೆ ಬಸ್ಸು ಇದೆ. ಅಲ್ಲಿಂದ ಅರಕೇರಾ. ಅಂಗಡಿ ಮುಚ್ಚಿ ಬಂದಿದ್ದೇನೆ. ನೀನು ಬರುತ್ತೀಯೋ ಇಲ್ಲವೋ ಎಂದು ಓಣಿಯಲ್ಲಿ ಯಾರಿಗೂ ಹೇಳಿಲ್ಲ. ಬಸ್ಸು ಬಂದಾಗಲೆಲ್ಲ ನಿಲ್ದಾಣಕ್ಕೆ ಹೋಗಿ ನಿಲ್ಲುತ್ತೇನೆ.

ಮೌನಪ್ಪ